ಅಂಗಾಲ ಬುಧವಾರಕ್ಕೆ ಮುಂಚೆ

ನಮ್ಮೂರಲ್ಲಿ ಹುಲ್ಲು ಇರುವುದು ಇಷ್ಟೇ. ಒಂದು ಎಸಳು ಹೆಚ್ಚಾದದ್ದನ್ನು ಯಾರೂ ಕಂಡಿಲ್ಲ. ಕಡಿಮೆಯಾದದ್ದು ಒಂದೇ ಸಲ, ಅದೂ ನನ್ನಿಂದ. ಒಂದು ಕಡೆ ಕತ್ತರಿಸಿದರೆ ಅಷ್ಟೇ ಹುಲ್ಲು ಎಳೆಯದಾಗಿ, ಹೊಸದಾಗಿ ಇನ್ನೆಲ್ಲಾದರೂ ಏಳುತ್ತದೆ. ಎಲ್ಲಿ ಎಂದರೆ, ಯಂತ್ರ ತಳ್ಳುವವರ ಮನಸ್ಸು ಆ ಗಳಿಗೆಯಲ್ಲಿ ಎಲ್ಲಿತ್ತೋ ಅಲ್ಲಿ. ಹಾಗಾಗಿ ನಮ್ಮ ಪುರಸಭೆಯಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಬಂದವರನ್ನು ತೋಳಿನಲ್ಲಿ ಬಲ ಇದೆಯೇ ಎಂದು ಕೇಳುವುದಿಲ್ಲ, ಮನಸ್ಸು ನಿಂತಲ್ಲಿ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ. ನನ್ನನ್ನೂ ಕೇಳಿದ್ದರು. ನಿಲ್ಲುತ್ತದೆ ಎಂದು ಸುಳ್ಳು ಹೇಳಿದ್ದೆ.

ಊರಿನಲ್ಲಿ ನಾಲ್ಕು ಹುಲ್ಲುಬಯಲುಗಳಿದ್ದವು: ಆಸ್ಪತ್ರೆ ಬಯಲು, ಕಚೇರಿ ಬಯಲು, ಬಾವಿ ಬಯಲು, ಗಡಿಯಾರದ ಬಯಲು. ಗಡಿಯಾರದ ಬಯಲು ನನ್ನದು. ನನ್ನದು ಎಂದರೆ, ಮೂವತ್ತೊಂದು ವರ್ಷ ಅದು ನನ್ನ ಅಜ್ಜಿಯದಾಗಿತ್ತು. ಅವಳ ಮಂಡಿ ಕೈಕೊಟ್ಟ ಮೇಲೆ ಪುರಸಭೆಯವರು ಯಂತ್ರದ ಹಿಡಿಯನ್ನು ನನಗೆ ಕೊಟ್ಟರು. ಪ್ರತಿ ಮಂಗಳವಾರ ಕತ್ತರಿಸಬೇಕು. ಮೂರು ವಾರ ಕತ್ತರಿ ಕಾಣದ ಹುಲ್ಲು ಬಲಿತು ಚುಚ್ಚತೊಡಗುತ್ತದೆ. ಕತ್ತರಿಸುವಾಗ ಕಾಲ ಕೆಳಗಿನ ಬಯಲನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಹಳೆಯದು ಬಿದ್ದಲ್ಲೇ ಹೊಸದು ಏಳುತ್ತದೆ. ಆ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಈ ತುದಿ ಹಸಿರಾಗಿರುತ್ತದೆ. ಅಜ್ಜಿ ಹಾಗೆ ಕತ್ತರಿಸುತ್ತಿದ್ದಳು. ಇಡೀ ದಿನ ಬಾಯಿತುಂಬ ಕಥೆ ಹೇಳುವ ಹೆಂಗಸು, ಹಿಡಿಗೆ ಕೈ ಹಾಕಿದ ಕೂಡಲೇ ಬಾಯಿ ಹೊಲಿದುಕೊಂಡುಬಿಡುತ್ತಿದ್ದಳು. ನನಗೆ ಅವಳ ಕಥೆಗಳು ಬಂದವು, ಆ ಹೊಲಿಗೆ ಬರಲಿಲ್ಲ.

ಮೊದಲ ಮಂಗಳವಾರವೇ ನಾನು ಯಂತ್ರ ತಳ್ಳುತ್ತ ಚಿತ್ರಮಂದಿರವನ್ನು ನೆನೆಸಿಕೊಂಡೆ. ಮಧ್ಯಾಹ್ನದ ಆಟಕ್ಕೆ ಹೋದವರು ಬಾಲ್ಕನಿಯ ಕುರ್ಚಿಗಳ ಮೇಲೆ ಗೇಣುದ್ದದ ಹುಲ್ಲು ಕಂಡು, ಅದರ ಮೇಲೇ ಕೂತು ಸಿನಿಮಾ ನೋಡಿ ಬಂದರು. ಇನ್ನೊಂದು ವಾರ ಬಳೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಬೆಳೆಯಿತು. ನಮ್ಮೂರವರು ಇದಕ್ಕೆಲ್ಲ ಹೌಹಾರುವುದಿಲ್ಲ. ಬಯಲಿನ ಹೊರಗೆ ಎದ್ದದ್ದನ್ನು ಮಾತ್ರ ಕೊಯ್ಯುವ ಪುರಸಭೆಯ ಕುಡುಗೋಲು ತಂಡದವರು ಬಂದು, ಹುಲ್ಲು ಸೇರಬೇಕಾದ ಬಯಲನ್ನು ನೆನೆಸಿಕೊಂಡು ಕೊಯ್ದು, ಅಲ್ಲಿಗೆ ಕಳಿಸಿಬಿಡುತ್ತಾರೆ. ಒಂದು ಸಲ ಮಾತ್ರ ಹಾಗಾಗಲಿಲ್ಲ. ಆವತ್ತು ಅಜ್ಜಿಯ ಕಥೆಯೊಂದರ ರಾಜಕುಮಾರಿ, ಏಳು ಸಮುದ್ರದ ಆಚೆ ಕುದುರೆಗೆ ಮೇವಿಲ್ಲದೆ ಅಳುತ್ತ ಕೂತವಳು, ನನ್ನ ತಲೆಗೆ ಬಂದುಬಿಟ್ಟಿದ್ದಳು. ಎರಡು ಸಾಲು ಹುಲ್ಲು ಊರನ್ನೇ ಬಿಟ್ಟು ಹೋಯಿತು.

ಹುಲ್ಲಿನ ಮೇಲ್ವಿಚಾರಕ ಹುಚ್ಚೀರಯ್ಯ ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತ. "ಎಲ್ಲಿಗೆ ಕಳಿಸ್ದೆ ತಾಯಿ? ಮೇಲಿನೋರಿಗೆ ಏನಂತ ಬರೀಲಿ?"

"ಏಳು ಸಮುದ್ರದ ಆಚೆ ಅಂತ ಬರೀರಿ."

"ಅದು ಯಾವ ವಾರ್ಡಿಗೆ ಬರ್ತದೆ?"

ಅಜ್ಜಿ ಮಾತ್ರ, "ಹೋಗ್ಲಿ ಬಿಡಯ್ಯ. ಆ ಹುಡ್ಗಿ ಕುದ್ರೆ ಎಷ್ಟು ದಿನದಿಂದ ಉಪವಾಸ ಇತ್ತೋ ಏನೋ" ಎಂದಳು.

ಅಲ್ಲಿಂದ ಮುಂದೆ ನಾನು ಕತ್ತರಿಸುವಾಗ ಹುಚ್ಚೀರಯ್ಯ ಗಡಿಯಾರದ ಬಯಲಿನ ಚಿತ್ರ ಬರೆಸಿದ ಒಂದು ಹಲಗೆಯನ್ನು ಎದೆಗೆ ಹಿಡಿದುಕೊಂಡು, ನನ್ನ ಮುಂದೆ ಹಿಂದುಹಿಂದಾಗಿ ನಡೆಯತೊಡಗಿದ. "ಇಲ್ನೋಡು, ಇಲ್ನೋಡು, ಆಕಾಶ ಆಮೇಲೆ ನೋಡೀವಂತೆ." ಎಷ್ಟು ಸಲ ಅವನು ಹಿಂದಿದ್ದ ಬೆಂಚಿಗೆ ಎಡವಿ ಬಿದ್ದನೋ ಲೆಕ್ಕವಿಲ್ಲ. ಆದರೂ ಹಾಗೂ ಹೀಗೂ ಬಯಲು ಹಸಿರಾಗಿಯೇ ಇತ್ತು, ಮಾದಲಿ ಬರುವ ತನಕ.

ಮಾದಲಿಯ ಪೂರ್ತಿ ಹೆಸರು ಮಾದಲಾಂಬೆ. ಹಿಟ್ಟಿನ ಗಿರಣಿಯಲ್ಲಿದ್ದವಳು, ಕಳೆದ ದೀಪಾವಳಿ ಆದ ಮೇಲೆ ಬಾವಿ ಬಯಲಿನ ಕೆಲಸಕ್ಕೆ ಬಂದಳು. ನನ್ನದೇ ವಯಸ್ಸು. ಮೂಗು ದಪ್ಪ, ಮಾತು ಒರಟು, ನಕ್ಕರೆ ಒಸಡು ಕಾಣುತ್ತಿತ್ತು. ಅವಳ ವಿಷಯ ಹೇಳಹೊರಟರೆ ನನ್ನ ಬಾಯಿಗೆ ಈಗಲೂ ಮೊದಲು ಬರುವುದು ಮೂಗು ಮತ್ತು ಒಸಡು, ಏನು ಮಾಡಲಿ. ಮೋಡ ಕಂಡರೆ ನನಗೆ ಆನೆ ಕಾಣುತ್ತದೆ, ಅರಮನೆ ಕಾಣುತ್ತದೆ. ಅವಳಿಗೆ ಒಣಹಾಕಿದ ಬಟ್ಟೆ ನೆನಪಾಗುತ್ತದೆ. ಯಂತ್ರ ತಳ್ಳುವಾಗ ಏನನ್ನು ನೆನೆಸಿಕೊಳ್ಳುತ್ತೀಯೆ ಎಂದು ಒಮ್ಮೆ ಕೇಳಿದೆ.

"ಹುಲ್ಲು" ಎಂದಳು.

"ಆಮೇಲೆ?"

"ಆಮೇಲೆ ಮುಂದಿನ ಹುಲ್ಲು."

ಅವಳ ಬಯಲು ಹೇಗಿತ್ತೆಂದರೆ, ಅಲ್ಲಿಗೆ ಬಂದವರು ಯಾರೂ ಹೇಳದೆಯೇ ಚಪ್ಪಲಿ ಬಿಡುತ್ತಿದ್ದರು. ಮದುವೆ ಮಾತಾಡುವವರು ಅಲ್ಲಿ ಬಂದು ಕೂರುತ್ತಿದ್ದರು. ಅಲ್ಲಿ ಕೂತು ಆಡಿದ ಮಾತು ಮುರಿಯುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಅವಳ ಮುಂದೆ ಯಾರೂ ಹಲಗೆ ಹಿಡಿದು ನಡೆಯುತ್ತಿರಲಿಲ್ಲ. "ಅವ್ಳಿಗೆ ಮನ್ಸು ಅನ್ನೋದು ಗೂಟಕ್ಕೆ ಕಟ್ದಂಗೈತೆ" ಎಂದು ಹುಚ್ಚೀರಯ್ಯ ನನ್ನ ಮುಂದೆಯೇ ಹೊಗಳಿದ. ನಾನು ನಕ್ಕೆ. ಒಳಗೆ ಏನೋ ಚುರ್ ಎಂದಿತು.

ಆ ಮಂಗಳವಾರ ನನ್ನ ಬಯಲಿನ ಮೂಡಣ ಅಂಚು ತೆಳ್ಳಗಾಯಿತು. ಮುಂದಿನ ವಾರ ಇನ್ನಷ್ಟು. ನಾನು ಬಿಸಿಲನ್ನು ಬೈದೆ, ಯಂತ್ರದ ಅಲಗನ್ನು ಬೈದೆ.

ಮತ್ತೊಂದು ದಿನ ಸಂಜೆ ಅಜ್ಜಿ ಗಡಿಯಾರದ ಬಯಲಿನಲ್ಲಿ ಕಾಣಲಿಲ್ಲ. ದಿನಾ ಐದು ಗಂಟೆಗೆ ಕೋಲೂರಿಕೊಂಡು ಬಂದು ಗಡಿಯಾರದ ಕಂಬದ ಹತ್ತಿರ ಕಾಲು ಚಾಚಿ ಕೂರುವವಳು; ಅವಳ ಸುತ್ತ ನಾಲ್ಕಾರು ಮುದುಕಿಯರು, ಕಥೆ ಕೇಳಲು. ಹುಡುಕಿಕೊಂಡು ಹೋದರೆ ಬಾವಿ ಬಯಲಿನಲ್ಲಿ ಸಿಕ್ಕಳು. ಕಾಲು ಚಾಚಿಕೊಂಡಿದ್ದಳು. ಪಕ್ಕದಲ್ಲಿ ಮಾದಲಿ ಕೂತು, ಹರಳೆಣ್ಣೆ ಹಚ್ಚಿ ಅವಳ ಮಂಡಿ ನೀವುತ್ತಿದ್ದಳು.

"ಇಲ್ಲಿ ಮೆತ್ತಗಿದೆ ಕಣೇ ಮಂದಾ" ಎಂದಳು ಅಜ್ಜಿ, ನನ್ನನ್ನು ನೋಡಿ. "ಅಲ್ಲಿ ಕೂತ್ರೆ ಮೂಳೆಗೆ ನೆಲ ತಾಗ್ತದೆ."

"ನಿನ್ನ ಬಯಲನ್ನ ನೀನೇ ಬಿಟ್ಟುಬಂದ್ಯಾ?"

"ಬಯಲು ನಂದಲ್ಲವ್ವ ಈಗ, ನಿಂದು. ನಂದು ಬರೀ ಮಂಡಿ."

ಮಾದಲಿ ಒಸಡು ತೋರಿಸಿ ನಕ್ಕಳು. ನಾನು ಮನೆಗೆ ಬಂದು ಚೆಂಬು ಕುಕ್ಕಿದೆ, ತಟ್ಟೆ ಕುಕ್ಕಿದೆ. ಅಮ್ಮನಿಲ್ಲದ ನನ್ನನ್ನು ಕಥೆಯ ತುತ್ತು ಹಾಕಿ ಬೆಳೆಸಿದವಳು. ಆ ಕಾಲುಗಳನ್ನು ನೀವಲು ನನ್ನ ಕೈ ಇರಲಿಲ್ಲವೇ? ಆದರೆ ಒಂದು ದಿನವಾದರೂ ನೀವಿದ್ದೆನೇ ಎಂದು ಕೇಳಿದರೆ, ಇಲ್ಲ. ಅವಳು ಕಥೆ ಹೇಳುತ್ತಿದ್ದಳು, ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಮಂಡಿ ನೋಯುತ್ತದೆ ಎಂದು ಕಥೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ.

ಇಲ್ಲಿಂದ ಮುಂದೆ ನಡೆದದ್ದನ್ನು ನಮ್ಮೂರಿನ ಚಿಕ್ಕ ಮಕ್ಕಳೂ ಬಲ್ಲರು, ಯಾಕೆಂದರೆ ಎಲ್ಲರ ಕಣ್ಣಿಗೂ ಕಂಡಿತು. ಮಂಗಳವಾರ ನಾನು ಯಂತ್ರ ತಳ್ಳುವುದು. ಹುಲ್ಲು ಬಾವಿ ಬಯಲಿನಲ್ಲಿ ಏಳುವುದು. ನಾನು ಹಲಗೆಯನ್ನೇ ದಿಟ್ಟಿಸುತ್ತಿದ್ದೆ. ಬಾಯಲ್ಲಿ "ಗಡಿಯಾರದ ಬಯಲು, ಗಡಿಯಾರದ ಬಯಲು" ಎಂದು ಜಪ ಮಾಡುತ್ತಿದ್ದೆ. ಒಳಗೆ ಮಾತ್ರ ಮಾದಲಿ ಎಣ್ಣೆ ಹಚ್ಚುತ್ತಿದ್ದಳು. ಹೆಚ್ಚು ಹುಲ್ಲು ಅಲ್ಲಿಗೆ ಹೋದಷ್ಟೂ ಅಲ್ಲಿ ಮೆತ್ತಗಾಯಿತು, ಮೆತ್ತಗಾದಷ್ಟೂ ಅಜ್ಜಿ ಅಲ್ಲೇ ಉಳಿದಳು, ಉಳಿದಷ್ಟೂ ನನ್ನ ಹೊಟ್ಟೆ ಉರಿಯಿತು, ಉರಿದಷ್ಟೂ ಹುಲ್ಲು ಹೋಯಿತು. ಬಯಲಿನಲ್ಲಿ ಜಾಗ ಸಾಲದಾದಾಗ ಅವಳ ಹಿಂದೆಯೇ ಬಿತ್ತು. ಅವಳ ಮನೆಯ ಹೊಸ್ತಿಲ ಮೇಲೆ ಬೆಳೆಯಿತು. ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆಳೆಯಿತು. ಅವಳ ಸೈಕಲ್ ಸೀಟಿನ ಮೇಲೆ ದಿಂಬಿನ ಹಾಗೆ ಒತ್ತಾಗಿ ಬೆಳೆಯಿತು. ಅವಳು ಬಟ್ಟೆ ಒಣಹಾಕುವ ತಂತಿಯ ಉದ್ದಕ್ಕೂ ಸಣ್ಣಗೆ, ಗಡ್ಡದ ಹಾಗೆ, ಇಳಿಬಿತ್ತು.

ಮನಸ್ಸಿನಲ್ಲಿರುವುದು ಊರೆಲ್ಲ ಬೆಳೆದು ನಿಂತರೆ ಹೇಗಿರುತ್ತದೆ ಎಂಬುದು ಬೇರೆ ಊರಿನವರಿಗೆ ಗೊತ್ತಾಗಲಾರದು. ತರಕಾರಿ ಮಾರುವ ನಂಜಮ್ಮಣ್ಣಿ, "ಏನೇ ಮಂದಾಕಿನಿ, ಈ ವಾರ ಮಾದಲಿಯ ಚಪ್ಪಲಿನೂ ಬಿಡ್ಲಿಲ್ವಂತೆ?" ಎಂದು ಸೊಪ್ಪಿನ ಕಟ್ಟು ಕೊಡುತ್ತ ಕೇಳುವಳು. "ಗಾಳಿಗೆ ಹೋಗಿರ್ಬೇಕು" ಎನ್ನುವೆ. "ಹೂಂ ಹೂಂ, ಗಾಳಿ. ಆ ಗಾಳಿಗೆ ಹೊಟ್ಟೆ ಅಂತ ಒಂದೈತೆ ಕಣವ್ವ, ಅಲ್ಲೇ ಏಳ್ತದೆ" ಎಂದು ಪಕ್ಕದವಳಿಗೆ ಕಣ್ಣು ಹೊಡೆಯುವಳು.

ನಗೆಚಾಟಿಕೆಯಾದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಅಂಗಾಲ ಬುಧವಾರ ಹತ್ತಿರ ಬರುತ್ತಿತ್ತು. ಬೇಸಿಗೆ ಹಿಡಿಯುವ ಮುಂಚೆ ಒಂದು ಬುಧವಾರ ಬೆಳಗ್ಗೆ ಪುರಸಭೆ ಅಧ್ಯಕ್ಷೆ ತಿಮ್ಮಾಜಮ್ಮನವರು ನಾಲ್ಕೂ ಬಯಲುಗಳನ್ನು ಬರಿಗಾಲಲ್ಲಿ ನಡೆಯುತ್ತಾರೆ. ಪ್ರತಿ ಬಯಲಿಗೂ ಇಳಿಯುವ ಮುಂಚೆ ಕಾಲು ತೊಳೆಯುತ್ತಾರೆ, ದಾಟಿದ ಮೇಲೆ ಕುರ್ಚಿಯಲ್ಲಿ ಕೂತು ಅಂಗಾಲೆತ್ತಿ ಜನಕ್ಕೆ ತೋರಿಸುತ್ತಾರೆ. ಶುಭ್ರವಾಗಿದ್ದರೆ ಬಯಲು ಇನ್ನೊಂದು ವರ್ಷ ಉಳಿಯಿತು. ಮಣ್ಣು ಮೆತ್ತಿದ್ದರೆ ಅಲ್ಲಿಗೆ ಕಲ್ಲು ಚಪ್ಪಡಿ ಹಾಸಿ, ಅಳಿದುಳಿದ ಹುಲ್ಲನ್ನು ಬೇರೆ ಬಯಲುಗಳಿಗೆ ಹಂಚಿಬಿಡುತ್ತಾರೆ. ಬಯಲು ಕಳೆದುಕೊಂಡವರು ಯಂತ್ರ ಒಪ್ಪಿಸಿ ಕುಡುಗೋಲು ತಂಡ ಸೇರಬೇಕು. ನಾಲ್ಕಕ್ಕೆ ನಾಲ್ಕೂ ಪಾರಾದ ವರ್ಷಗಳು ಬೇಕಾದಷ್ಟಿವೆ. ಆದರೆ ಹಿಂದೆ ಊರಿನಲ್ಲಿ ಏಳು ಬಯಲುಗಳಿದ್ದವು ಎಂಬುದೂ ನಿಜ. ಈ ಸಲ ಗಡಿಯಾರದ ಕಂಬದ ಬುಡದಲ್ಲಿ ಪುರಸಭೆಯ ಲಾರಿ ಮುಂಚಿತವಾಗಿಯೇ ಚಪ್ಪಡಿ ಇಳಿಸಿ ಹೋಗಿತ್ತು. ಯಾರಿಗೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇನೂ ಇರಲಿಲ್ಲ. ಅಜ್ಜಿ ಮೂವತ್ತೊಂದು ವರ್ಷ ಕಾಪಾಡಿದ್ದನ್ನು ನಾನು ನಾಲ್ಕು ತಿಂಗಳಲ್ಲಿ ಮುಗಿಸಿದ್ದೆ.

ಪರೀಕ್ಷೆಗೆ ಮೂರು ದಿನ ಇದ್ದಾಗ, ಮಧ್ಯಾಹ್ನ, ಮಾದಲಿ ಸೈಕಲ್ ತಳ್ಳಿಕೊಂಡು ನನ್ನ ಬಯಲಿಗೆ ಬಂದಳು. ಸೀಟಿನ ಮೇಲೆ ಹುಲ್ಲು ಹಾಗೇ ಇತ್ತು. ಅದಕ್ಕೆ ನೀರು ಚಿಮುಕಿಸಿದ್ದಳು. ಜಗಳಕ್ಕೇ ಬಂದಿದ್ದಾಳೆ ಎಂದು ನಾನು ಸೆರಗು ಸಿಕ್ಕಿಸಿ ಎದ್ದು ನಿಂತೆ. ಅವಳು ಸೈಕಲನ್ನು ಚಪ್ಪಡಿಗಳಿಗೆ ಒರಗಿಸಿ, ಸೀಟು ಸವರುತ್ತ, ನನ್ನ ಮುಖ ನೋಡದೆ ಮಾತಾಡಿದಳು.

"ಕುಡುಗೋಲಿನೋರು ಬಂದಿದ್ರು. ಹೊಸ್ತಿಲದ್ದು, ತಂತೀದು ಕುಯ್ಕೊಂಡು ಹೋಗಿ ಅಂದೆ. ಇದನ್ನ ಕೊಡ್ಲಿಲ್ಲ."

"ಯಾಕೆ?"

"ಮನ್ಸು ಬರ್ಲಿಲ್ಲ." ಬಾಗಿದ್ದ ಒಂದು ಎಸಳನ್ನು ನೆಟ್ಟಗೆ ಮಾಡಿದಳು. "ಗಿರಣೀಲಿ ಹನ್ನೊಂದು ವರ್ಷ ಇದ್ದೆ ಕಣೇ. ಒಂದ್ಸಲ ಜ್ವರ ಬಂದು ಎಂಟು ದಿನ ಮಲಗಿದ್ದೆ. ಎದ್ದು ಹೋದ್ರೆ, ಮೂಟೆ ಎತ್ತು ಅಂದ್ರು. ನಾನು ಬಂದಿರ್ಲಿಲ್ಲ ಅಂತ್ಲೇ ಅವ್ರಿಗೆ ಗೊತ್ತಿರ್ಲಿಲ್ಲ. ಈಗ ನೋಡು, ವಾರವಾರ ನನ್ನ ಬಾಗ್ಲಿಗೆ ಹುಲ್ಲು ಬರ್ತದೆ. ಊಟದ ಡಬ್ಬಿ ಮೇಲೂ ಬರ್ತದೆ. ಒಬ್ರು ನನ್ನ ಇಷ್ಟೊಂದು ನೆನೆಸ್ಕೊಳ್ತಾರೆ ಅಂದ್ರೆ..." ಅವಳ ದಪ್ಪ ಮೂಗು ಕೆಂಪಾಯಿತು. "ನಿಂಗೆ ಬಾಯಲ್ಲಿ ಹೇಳೋಕೆ ಸಂಕೋಚ. ನನಗೂ ಬರಲ್ಲ ಅಂಥ ಮಾತೆಲ್ಲ. ಅದಕ್ಕೆ ಇಷ್ಟು ದಿನ ಸುಮ್ನಿದ್ದೆ. ಆದ್ರೆ ನನ್ನ ನೆನೆಸ್ಕೊಂಡು ನೆನೆಸ್ಕೊಂಡು ನಿನ್ನ ಬಯಲು ಬರಿದಾಗ್ತಿದೆಯಲ್ಲೇ. ಮಂಗಳವಾರ ನಾನು ಕತ್ತರಿಸೋವಾಗ ನಿನ್ನ ಬಯಲು ನೆನೆಸ್ಕೊಳ್ತೀನಿ. ಸರಿಯಾ?"

ಆಗಲೇ ಹೇಳಬಹುದಿತ್ತು. ಇದು ನೀನು ತಿಳಿದದ್ದಲ್ಲ, ನಿನ್ನನ್ನು ಕಂಡರೆ ನನ್ನ ಮೈಯೆಲ್ಲ ಉರಿಯುತ್ತದೆ ಎಂದು. ಅವಳ ಕೈ ಇನ್ನೂ ಆ ಸೀಟನ್ನು ಸವರುತ್ತಿತ್ತು, ಕರುವಿನ ಬೆನ್ನು ಸವರುವ ಹಾಗೆ. ನಾನು "ಸರಿ" ಎಂದೆ. ಅದು ಅಯ್ಯೋ ಪಾಪ ಎಂದು ಹೇಳಿದ್ದೋ, ಹುಲ್ಲಿನ ಆಸೆಗೆ ಹೇಳಿದ್ದೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮಂಗಳವಾರ ಬೆಳಗ್ಗೆ ಏಳಕ್ಕೆ ಅತ್ತ ಬಾವಿ ಬಯಲಿನಿಂದ ಯಂತ್ರದ ಸದ್ದು ಬಂತು. ನಾನು ಕಂಬದ ಕೆಳಗೆ ನಿಂತಿದ್ದೆ. ಮೊದಲು ಪಾದದ ಬೆರಳ ಸಂದಿಯಲ್ಲಿ ಕಚಗುಳಿಯಾಯಿತು. ಆಮೇಲೆ ಸಾಲುಸಾಲಾಗಿ, ಯಾರೋ ಚಾಪೆ ಬಿಡಿಸಿದ ಹಾಗೆ, ಹುಲ್ಲು ಎದ್ದು ಬಂತು. ಎಳೆಯ ಹುಲ್ಲು, ಕೆಳಗಿನ ಮಣ್ಣೇ ಕಾಣದಷ್ಟು ದಟ್ಟ. ಮಾದಲಿಯ ಮನಸ್ಸು ಅತ್ತಿತ್ತ ಹೋಗುವಂಥದ್ದಲ್ಲವಲ್ಲ. ಒಂದು ಎಸಳೂ ದಾರಿ ತಪ್ಪಲಿಲ್ಲ. ಎಂಟೂವರೆಗೆಲ್ಲ ಇಡೀ ಬಯಲು ತುಂಬಿತ್ತು. ನಾನು ಅದರ ಮೇಲೆ ಉರುಳಿದೆ. ನಾಚಿಕೆ ಇಲ್ಲದೆ, ಸೀರೆಗೆ ಹಸಿರು ಕರೆ ಹತ್ತುವಷ್ಟು ಉರುಳಿದೆ. ಹತ್ತು ಗಂಟೆಗೆ ಅಜ್ಜಿಯೇ ಕೋಲೂರಿಕೊಂಡು ಬಂದಳು. ಕಂಬದ ಹತ್ತಿರ ತನ್ನ ಹಳೆಯ ಜಾಗದಲ್ಲಿ ಕೂತು, ಕಾಲು ಚಾಚಿ, "ಆಹಾ" ಎಂದಳು. ನಾನು ಅವಳ ಮಂಡಿ ನೀವಿದೆ. ಹೊಟ್ಟೆಯೊಳಗಿನ ಉರಿ ಎಲ್ಲಿತ್ತು ಎಂದು ತಡಕಿ ನೋಡಿಕೊಂಡರೆ, ಜಾಗವೇ ಸಿಗಲಿಲ್ಲ.

ಬುತ್ತಿ ಉಣ್ಣುವ ಹೊತ್ತಿಗೆ ಮಾದಲಿಗೆ ಒಂದು ಮಾತು ಹೇಳಿ ಬರೋಣ ಎಂದು ಹೋದೆ. ಬಾವಿ ಬಯಲು ಇರಲಿಲ್ಲ. ಇದ್ದದ್ದು ಕೆಂಪು ಮಣ್ಣು, ಬಾವಿ, ಒಂದು ಕಸಬರಿಗೆ, ಮಾದಲಿ. ಮೊಳಕಾಲ ತನಕ ಧೂಳಾಗಿದ್ದಳು. ಹುಚ್ಚೀರಯ್ಯ ಅವಳ ಸುತ್ತ ಸುತ್ತುತ್ತ ಕೂಗಾಡುತ್ತಿದ್ದ. "ಪೂರ್ತಿ ಕಳಿಸೋದಾ? ಪೂರ್ತಿ? ಅರ್ಧ ಕಳ್ಸಿದ್ರೆ ಎರಡೂ ಉಳೀತಿತ್ತಲ್ಲೇ! ನಾಳೆ ತಿಮ್ಮಾಜಮ್ಮೋರ ಕಾಲಿಗೆ ಮಣ್ಣು ಮೆತ್ತದೆ ಇನ್ನೇನು ಗಂಧ ಮೆತ್ತುತ್ತಾ?"

"ಅರ್ಧ ನೆನೆಸ್ಕೊಳ್ಳೋದು ಹೆಂಗೆ ಅಂತ ಗೊತ್ತಾಗ್ಲಿಲ್ಲ ಯಜಮಾನ್ರೇ" ಎಂದಳು ಮಾದಲಿ. ನನ್ನನ್ನು ಕಂಡು ನಕ್ಕಳು. "ಬಂತಾ ಎಲ್ಲಾ? ಸರಿಯಾಗಿ ಬಂತಾ?"

ನಾನು ಅಲ್ಲಿ ನಿಲ್ಲಲಾರದೆ ಓಡಿದೆ. ಓಡಿಹೋಗಿ ಯಂತ್ರ ತೆಗೆದೆ. ಇದರಷ್ಟು ಸುಲಭದ ಕೆಲಸ ಬೇರೆ ಇಲ್ಲ ಎಂದುಕೊಂಡಿದ್ದೆ. ನಾಲ್ಕು ತಿಂಗಳು ಬೇಡವೆಂದರೂ ಆ ಕಡೆಗೇ ಓಡಿದ ಹುಲ್ಲು. ಈಗ ಬೇಕೆಂದು ಅರ್ಧ ಕಳಿಸುವುದು ಎಷ್ಟರ ಮಾತು? ಮಾದಲಿ, ಮಾದಲಿ ಎಂದುಕೊಳ್ಳುತ್ತ ಒಂದು ಸಾಲು ಕತ್ತರಿಸಿದೆ. ತಿರುಗಿ ನೋಡಿದರೆ ಸಾಲು ಹಾಗೇ ಹಸಿರಾಗಿ ನಿಂತಿತ್ತು. ಇನ್ನೊಂದು ಸಾಲು. ಅದೂ ಬಿದ್ದಲ್ಲೇ ಎದ್ದಿತು. ಅವಳ ಹೆಸರು ನನ್ನ ಬಾಯಲ್ಲಿತ್ತು. ಮನಸ್ಸು ಮಾತ್ರ ಕಾಲ ಕೆಳಗಿನ ಮೆತ್ತನೆಯಲ್ಲಿ, ಕಂಬದ ಹತ್ತಿರ ಕೂತ ಅಜ್ಜಿಯ ಚಾಚಿದ ಕಾಲುಗಳಲ್ಲಿ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಬಿದ್ದುಕೊಂಡಿತ್ತು. ಹುಟ್ಟಿದಾಗಿನಿಂದ ಒಂದು ಕಡೆ ನಿಲ್ಲದ ಮನಸ್ಸು ಆ ಮಧ್ಯಾಹ್ನ ಗೂಟಕ್ಕೆ ಕಟ್ಟಿದ ಹಾಗೆ ನಿಂತುಬಿಟ್ಟಿತು.

ಹುಚ್ಚೀರಯ್ಯ ಬಾವಿ ಬಯಲಿನ ಹಲಗೆ ತಂದು ನನ್ನ ಮುಂದೆ ನಡೆದ. ಆಗಲಿಲ್ಲ. ಮಾದಲಿಯನ್ನೇ ಕರೆತಂದು ಮುಂದೆ ನಡೆಸಿದ. ಅವಳನ್ನು ನೋಡುತ್ತಲೇ ಕತ್ತರಿಸಿದೆ. ಹುಲ್ಲು ಬಿದ್ದಲ್ಲೇ ಎದ್ದಿತು. ಅವಳು ಹಿಂದುಹಿಂದಾಗಿ ನಡೆಯುತ್ತ ಅದನ್ನು ನೋಡಿದಳು. ನಮ್ಮೂರಿನ ಹುಲ್ಲಿಗೆ ಮುಲಾಜಿಲ್ಲ. ಸಾಲಿನ ಕೊನೆ ಬರುವಷ್ಟರಲ್ಲಿ ಅವಳ ನಗು ಬಾಡಿಹೋಗಿತ್ತು.

"ಬಿಡೇ, ಸುಸ್ತಾಗ್ತೀಯ" ಎಂದಳು. "ಈಗ ಯಾಕೆ ಬರ್ತಿಲ್ಲ? ನಾನೇನಾದ್ರೂ ಅಂದೆನಾ?"

ಹಿಡಿ ಬಿಟ್ಟು ನಿಂತೆ. "ಅದು ಪ್ರೀತಿ ಆಗಿರ್ಲಿಲ್ಲ ಮಾದಲಿ. ಹೊಟ್ಟೆಕಿಚ್ಚು. ನಿನ್ನ ಬಯಲು, ನಿನ್ನ ಮನ್ಸು, ನಮ್ಮಜ್ಜಿ ನಿನ್ನ ಹತ್ರ ಬಂದು ಕೂರೋದು, ಎಲ್ಲಾ ನೋಡಿ ಉರ್ಕೊಂಡು ಸಾಯ್ತಿದ್ದೆ. ಈಗ ಎಲ್ಲಾ ನಂಗೇ ಬಂದಿದೆ. ಉರಿ ಇಲ್ಲ. ಉರಿ ಇಲ್ದೆ ನಿನ್ನ ನೆನಪೇ ಬರ್ತಿಲ್ಲ ಕಣೇ."

ಹುಚ್ಚೀರಯ್ಯ ಹಲಗೆಯ ಹಿಂದೆ ಮುಖ ಮರೆಸಿಕೊಂಡ. ಮಾದಲಿ ಕೆಳಗೆ ನೋಡುತ್ತ, ಕಾಲಿನ ಧೂಳನ್ನು ಇನ್ನೊಂದು ಕಾಲಿನಿಂದ ಉಜ್ಜಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಸೀಟಿನ ಮೇಲಿನದೂ ಅದೇನಾ?"

"ಅದೂ ಅದೇ."

"ಮೆತ್ತಗಿತ್ತು" ಎಂದಳು.

ಗಡಿಯಾರ ಮೂರು ಹೊಡೆಯಿತು. ಆರಕ್ಕೆ ಪುರಸಭೆಯವರು ಯಂತ್ರಗಳನ್ನೆಲ್ಲ ಒಳಗಿಟ್ಟು ಬೀಗ ಹಾಕುತ್ತಾರೆ; ಆಮೇಲೆ ಬುಧವಾರವೇ. ನನಗೆ ಒಂದೇ ದಾರಿ ಹೊಳೆಯಿತು, ಹೊಳೆದ ಕೂಡಲೇ ಬಾಯಿಂದ ಬಂತು. "ನನ್ನ ಹೊಟ್ಟೆ ಉರಿಸು."

"ಏನು?"

"ಏನಾದ್ರೂ ಹೇಳು. ಉರಿಯೋ ಹಾಗೆ. ನಾನು ಕತ್ತರಿಸ್ತಾ ಹೋಗ್ತೀನಿ, ನೀನು ಪಕ್ಕದಲ್ಲಿ ಹೇಳ್ತಾ ಬಾ. ಅರ್ಧ ಆದ ಕೂಡ್ಲೇ ನಿಲ್ಲಿಸು."

ಪಾಪ, ಅವಳಿಗೆ ಅದು ಬರುವ ವಿದ್ಯೆಯಲ್ಲ. "ನಂದು... ನಂದು ಕೂದಲು ನಿನಗಿಂತ ಉದ್ದ" ಎಂದಳು. ಹುಲ್ಲು ಅಲ್ಲಾಡಲಿಲ್ಲ. "ನಾನು ಒಂದೇ ಕೈಲಿ ಐವತ್ತು ಕೇಜಿ ಮೂಟೆ ಎತ್ತುತೀನಿ." ನನಗೆ ನಗು ಬಂತು. ಹುಚ್ಚೀರಯ್ಯ ಸಹಾಯಕ್ಕೆ ಬಂದ: "ಇವಳ ಕೈ ಉಪ್ಪಿಟ್ಟು ತಿಂದಿದ್ದೀಯಾ? ನಿಂದು ಅದರ ಮುಂದೆ ಗೋಡೆಗೆ ಬಳಿಯೋ ಗಾರೆ." ಅದಕ್ಕೆ ನಾಲ್ಕು ಎಸಳು ಹೋದವೋ ಏನೋ. ಅಷ್ಟೇ.

ಮಾದಲಿ ಸುಮಾರು ದೂರ ನನ್ನ ಪಕ್ಕ ನಡೆದಳು. ಆಮೇಲೆ, ಕಂಬದ ಕಡೆ ಒಮ್ಮೆ ನೋಡಿ, ಅಜ್ಜಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ನಿಮ್ಮಜ್ಜಿ ನಂಗೊಂದು ಕಥೆ ಹೇಳವ್ರೆ."

"ಅವಳು ಎಲ್ಲರಿಗೂ ಹೇಳ್ತಾಳೆ. ಎಲ್ಲಾ ಕಥೆ ನಂಗೆ ಗೊತ್ತು."

"ಇದು ಗೊತ್ತಿಲ್ಲ. ಒಬ್ಬ ಬಟ್ಟೆ ಒಗೆಯೋಳು, ಹಸಿರು ಸೀರೆ ಮಾತ್ರ ಒಗೆಯಲ್ಲ ಅಂದೋಳು. ಅವಳ ಕಥೆ ಕೇಳಿದ್ದೀಯಾ?"

ನನ್ನ ಕಾಲು ಒಂದು ಗಳಿಗೆ ನಿಂತಿತು. ಕೇಳಿರಲಿಲ್ಲ. ಇನ್ನೂರು ಮುನ್ನೂರು ಕಥೆಗಳ ಒಳಗೆ ಹುಡುಕಿದೆ. ಅಂಥ ಹೆಂಗಸು ಎಲ್ಲೂ ಇರಲಿಲ್ಲ.

"ಯಾಕೆ ಒಗೆಯಲ್ಲ?"

"ಹೇಳಲ್ಲ." ಅವಳ ದನಿಯಲ್ಲಿ ಹಿಂದೆಂದೂ ಇಲ್ಲದ ಒಂದು ನಯ ಬಂದಿತ್ತು. ಅದು ಅಜ್ಜಿಯ ನಯ, ಕಥೆ ಹೇಳುವಾಗಿನದು. "ಮಂದಂಗೆ ಹೇಳ್ಬೇಡ ಅಂದ್ರು. ಅವಳು ಕಥೇಲಿ ಆನೆ ಕುದ್ರೆ ಬಂದ್ರೆ ಮಾತ್ರ ಕಿವಿ ಕೊಡ್ತಾಳೆ, ಇದು ನೋವು ತಿಂದೋರಿಗೆ ಅರ್ಥ ಆಗೋ ಕಥೆ, ಅದಕ್ಕೇ ನಿಂಗಂತ ಇಟ್ಟಿದ್ದೆ ಅಂದ್ರು."

ಯಂತ್ರ ತಾನಾಗಿ ಮುಂದೆ ಜಿಗಿದ ಹಾಗಾಯಿತು. ನನಗಂತ ಇಟ್ಟದ್ದಲ್ಲ. ಅವಳಿಗಂತ. ಇಷ್ಟು ವರ್ಷ ಆ ಬಾಯಲ್ಲಿ ಒಂದು ಕಥೆ ನನ್ನಿಂದ ಬಚ್ಚಿಟ್ಟು ಕೂತಿತ್ತು. ಗಿರಣಿಯಿಂದ ಬಂದ ಯಾರೋ ಒಬ್ಬಳು ಎಣ್ಣೆ ಹಚ್ಚಿದಳೆಂದು ಅದು ಹೊರಗೆ ಬಂತು. ಬಾವಿಯ ಪಕ್ಕ, ಆ ಮೆತ್ತನೆಯ ಮೇಲೆ, ಇವಳ ಕಿವಿಯಲ್ಲಿ. ಯಾಕೆ ಒಗೆಯುವುದಿಲ್ಲ? ಯಾರ ಸೀರೆ ಅದು? ಹಿಂದೆ ಹುಲ್ಲು ಏಳುತ್ತಿದೆಯೋ ಇಲ್ಲವೋ ನಾನು ನೋಡಲಿಲ್ಲ. ತಿರುಗಿದೆ, ತಳ್ಳಿದೆ, ತಿರುಗಿದೆ, ತಳ್ಳಿದೆ. ಮಾದಲಿ ಪಕ್ಕದಲ್ಲಿ ಓಡುತ್ತ ಏನೋ ಕೂಗುತ್ತಿದ್ದಳು. ನನಗೆ ಅದೂ ಹೊಟ್ಟೆ ಉರಿಸುವ ಮಾತೇ ಎನಿಸಿತು. ಹುಚ್ಚೀರಯ್ಯ ಅಡ್ಡ ಬಂದು ಹಲಗೆ ಬೀಸಿದ. ಅವನನ್ನು ಬಳಸಿಕೊಂಡು ಹೋದೆ. ಕಡೆಗೆ ಯಂತ್ರ ಬರೀ ಕಲ್ಲು ಕಡಿದು ಕಿರ್ರೆಂದು ನಿಂತಾಗ ಮಾದಲಿಯ ಮಾತು ಕಿವಿಗೆ ಬಿತ್ತು.

"ನಿಲ್ಸೇ! ಅರ್ಧ ಆವಾಗ್ಲೇ ಆಯ್ತು ನಿಲ್ಸೇ!"

ಗಡಿಯಾರದ ಬಯಲಿನಲ್ಲಿ ಅಜ್ಜಿ ಕೂತ ಜಾಗ ಒಂದು ಬಿಟ್ಟು ಎಲ್ಲ ಮಣ್ಣಾಗಿತ್ತು. ಚಾಪೆಯಷ್ಟಗಲದ ಹಸಿರಿನ ಮೇಲೆ ಅವಳೊಬ್ಬಳು ಕಾಲು ಚಾಚಿಕೊಂಡು, ಸುತ್ತ ನೋಡುತ್ತ, "ಇದೇನ್ರೇ ನಿಮ್ಮ ಆಟ" ಎಂದಳು.

ಮಾದಲಿ ನನ್ನ ತೋಳು ಹಿಡಿದು, "ಬಾ, ನಾನು ವಾಪಸ್ ಕಳಿಸ್ತೀನಿ" ಎಂದು ಬಾವಿ ಬಯಲಿನ ಕಡೆ ಎಳೆದಳು. ನಾನು ಹೋಗಲಿಲ್ಲ. ಹಿಡಿಗೆ ಕೈ ಹಾಕಿದರೆ ಕೊನೆಯ ಸಾಲಿನ ತನಕ ನಿಲ್ಲದವಳು, ಅವಳು ಕಳಿಸಿದರೆ ಪೂರ್ತಿ ಕಳಿಸುತ್ತಾಳೆ. ನಾನು ಕಳಿಸಿದರೂ ಪೂರ್ತಿ ಹೋಗುತ್ತದೆ. ಅರ್ಧ ಎನ್ನುವುದು ನಮ್ಮಿಬ್ಬರಲ್ಲಿ ಯಾರಿಗೂ ತಿಳಿಯದ ವಿದ್ಯೆ. ಅಷ್ಟರಲ್ಲಿ ಆರು ಹೊಡೆದು ಬೀಗದ ಕೈ ಬಂತು.

ಬುಧವಾರ ತಿಮ್ಮಾಜಮ್ಮನವರು ನನ್ನ ಬಯಲು ನಡೆದು ಕುರ್ಚಿಯಲ್ಲಿ ಕೂತು ಅಂಗಾಲೆತ್ತಿದರು. ಇಟ್ಟಿಗೆಯ ಬಣ್ಣವಾಗಿತ್ತು. ಜನ ನಕ್ಕರು, ಅವರು ನಗಲಿಲ್ಲ. "ನಿಮ್ಮಜ್ಜಿ ಕಾಲದಲ್ಲಿ ನನಗಿಲ್ಲಿ ನಿದ್ದೆ ಬರ್ತಿತ್ತು ಕಣವ್ವ" ಎಂದಷ್ಟೇ ಹೇಳಿ ಎದ್ದುಹೋದರು. ಬಾವಿ ಬಯಲಿನಲ್ಲಿ ಅವರ ಪಾದ ಹೂವಿನ ಹಾಗೆ ಶುಭ್ರವಾಗಿ ಬಂತಂತೆ. ನಾನು ನೋಡಲು ಹೋಗಲಿಲ್ಲ. ಶುಕ್ರವಾರ ಚಪ್ಪಡಿ ಹಾಸಿ ಮುಗಿಸಿದರು.

ಈಗ ನಾನು ಕುಡುಗೋಲು ತಂಡದಲ್ಲಿದ್ದೇನೆ. ಊರಿನಲ್ಲಿ ಎಲ್ಲೆಲ್ಲಿ ಬೇಡದ ಕಡೆ ಹುಲ್ಲು ಏಳುತ್ತದೋ ಅಲ್ಲಿಗೆ ಹೋಗಿ ಕೊಯ್ಯುವ ಕೆಲಸ. ಕಚೇರಿ ಬಯಲಿನ ಉಗ್ರಪ್ಪನಿಗೆ ಮದುವೆ ಗೊತ್ತಾಗಿರುವುದರಿಂದ ಸದ್ಯಕ್ಕೆ ಕೈತುಂಬ ಕೆಲಸವಿದೆ. ಅವನ ಹುಲ್ಲೆಲ್ಲ ಹುಡುಗಿಯ ಮನೆಯ ಜಗುಲಿಯ ಮೇಲೆ. ಕೊಯ್ಯುವಾಗ ಕಚೇರಿ ಬಯಲನ್ನು ನೆನೆಸಿಕೊಳ್ಳಬೇಕು ಎಂದು ಹುಚ್ಚೀರಯ್ಯ ಪ್ರತಿ ದಿನ ಹೇಳುತ್ತಾನೆ. ಪ್ರತಿ ದಿನ ಅದರಲ್ಲಿ ಸ್ವಲ್ಪ ಬಾವಿ ಬಯಲಿಗೆ ಹೋಗುತ್ತದೆ. ಅವನು ನೋಡಿಯೂ ನೋಡದ ಹಾಗೆ ಇರುತ್ತಾನೆ.

ಅಜ್ಜಿ ಈಗ ದಿನಾ ಅಲ್ಲಿಯೇ ಕೂರುತ್ತಾಳೆ. ಸಂಜೆ ಕೆಲಸ ಮುಗಿಸಿ ನಾನೂ ಹೋಗುತ್ತೇನೆ. ಒಂದು ಮಂಡಿಯನ್ನು ಮಾದಲಿ ನೀವುತ್ತಾಳೆ, ಇನ್ನೊಂದನ್ನು ನಾನು. ಮಾದಲಿ ಒಂದು ದಿನ, ಎಣ್ಣೆಯ ಬಟ್ಟಲ ಕಡೆ ನೋಡುತ್ತ, "ಆ ಬಟ್ಟೆ ಒಗೆಯೋಳ ವಿಷ್ಯ ಹೇಳ್ಬಿಡ್ಲೇನೇ?" ಎಂದಳು. ಬೇಡ ಎಂದೆ. ಅಂಥ ಕಥೆ ನಿಜಕ್ಕೂ ಇದೆಯೋ, ಆ ಮಧ್ಯಾಹ್ನ ನನ್ನನ್ನು ಉರಿಸಲು ಅವಳೇ ಕಟ್ಟಿದ್ದೋ, ನನಗೆ ತಿಳಿಯದು. ಅಜ್ಜಿಯನ್ನು ಕೇಳಿದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಕೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಉರಿ ಆರಿದರೆ ಇಲ್ಲಿಗೆ ಹುಲ್ಲು ಬರುವುದೂ ನಿಂತೀತೆಂದು ಮುಚ್ಚಿದ್ದೇನೆ.

ಮೊನ್ನೆ ಅವಳೇ, "ಏನೇ ಮಂದಾ, ಏನೋ ಕೇಳ್ಬೇಕು ಅಂತ ಬರ್ತೀಯ, ಕೇಳ್ದೆ ಹೋಗ್ತೀಯ" ಎಂದಳು. ಅವಳ ಹಿಮ್ಮಡಿ ಹುಲ್ಲಿನಲ್ಲಿ ಅರ್ಧ ಮುಳುಗಿತ್ತು. ಮೊದಲಿಗಿಂತ ಸ್ವಲ್ಪ ಎತ್ತರವೇ ಆಗಿತ್ತು ಹುಲ್ಲು.

"ಏನಿಲ್ಲ ಅಜ್ಜಿ" ಎಂದೆ. "ನೀನು ಕಾಲು ಚಾಚಿಕೋ."